ಕಳೆದುಹೋಗದ ಪೀಶಕತ್ತಿಗಳು

ಹೋದ ಭಾನುವಾರ ಮೂಡುಬಿದಿರೆಯ ನಿಮ್ಮ ಮನೆಯ ತಾರಸಿಯಲ್ಲಿ ಕೋಳಿ ಸುಟ್ಟಿರಲ್ಲ, ಆಗ ನಾನು ಕಣ್ಣೊರೆಸಿಕೊಂಡದ್ದನ್ನು ನೀವು ಹೊಗೆಯ ಲೆಕ್ಕಕ್ಕೆ ಹಾಕಿಬಿಟ್ಟಿರಿ. ಕೊರಿಯರಿನಲ್ಲಿ ತರಿಸಿದ ಆ ಇದ್ದಿಲಿನ ಚೀಲ ಬಿಚ್ಚಿದಾಗಲೇ ನನಗೆ ಗುರುತು ಸಿಕ್ಕಿತ್ತು. ತೆಂಗಿನ ಗೆರಟೆಯ ಕರಿ! ನಾವು ಬಚ್ಚಲ ಒಲೆಗೆ ಎಸೆಯುತ್ತಿದ್ದ ಗೆರಟೆಗೆ ಈಗ ಬಣ್ಣದ ಚೀಲ. ಅದು ಕೆಂಪಗೆ ಉರಿಯುವಾಗ ಬರುವ ವಾಸನೆ ನಮ್ಮ ಊರಿನ ಆಚಾರ್ರ ಕುಲುಮೆಯದ್ದು. "ಅಜ್ಜಿ, ಯಾಕೆ ಸುಮ್ಮನಾದಿರಿ?" ಎಂದು ಕೇಳಿದಿರಿ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಹಾಗಾಗಿ ಬರೆಯುತ್ತಿದ್ದೇನೆ.

ವಿಟ್ಲದ ಬಸ್ಸು ಇಳಿದು ತೋಡು ದಾಟಿದರೆ ಅವರ ಕುಲುಮೆ. ಕತ್ತಿ, ಹಾರೆ ಎಲ್ಲ ಮಾಡುತ್ತಿದ್ದರು. ಆದರೆ ಹೆಸರು ಬಂದದ್ದು ಮಡಚುವ ಪೀಶಕತ್ತಿಯಿಂದ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಬಡಿದು ಮಾಡಿದ ಅಲಗು, ಕೋಣದ ಕೊಂಬಿನ ಹಿಡಿ, ಹಿತ್ತಾಳೆಯ ಮೊಳೆ. ಗಂಡಸರು ಅದನ್ನು ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡು, ಅಡಿಕೆ ಕೆರೆಯುವುದರಿಂದ ಹಿಡಿದು ಕಾಲಿನ ಮುಳ್ಳು ತೆಗೆಯುವವರೆಗೆ ಎಲ್ಲಕ್ಕೂ ಬಳಸುತ್ತಿದ್ದರು. ಎರಡರ ನಡುವೆ ತೊಳೆಯುತ್ತಿದ್ದರೋ ಇಲ್ಲವೋ, ನಾನು ಕೇಳಿಲ್ಲ.

ಆಚಾರ್ರಿಗೆ ಒಂದು ಹಟ. ಒಬ್ಬರಿಗೆ ಒಂದೇ ಪೀಶಕತ್ತಿ. ಇರುವುದು ಸವೆದು ಕಡ್ಡಿಯಾಗುವವರೆಗೆ ಇನ್ನೊಂದು ಮಾರುವುದಿಲ್ಲ. ಅವರು ಮಾಡಿದ್ದು ಸವೆಯುತ್ತಲೂ ಇರಲಿಲ್ಲ, ಅದೇ ಕಷ್ಟ.

ಅಡಿಕೆಯ ಧಾರಣೆ ನೆಲ ಕಚ್ಚಿದ ವರ್ಷ ಊರಿನಲ್ಲಿ ಯಾರೂ ಹೊಸ ಕತ್ತಿ ಮಾಡಿಸಲಿಲ್ಲ. ಅದೇ ಹೊತ್ತಿಗೆ ಪೇಟೆಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಹಿಡಿಯ ಚಾಕುಗಳು ಗೊಂಚಲು ಗೊಂಚಲಾಗಿ ನೇತಾಡತೊಡಗಿದವು. ಆಚಾರ್ರ ಸುತ್ತಿಗೆಯ ಸದ್ದು ದಿನ ಬಿಟ್ಟು ದಿನವಾಯಿತು, ಆಮೇಲೆ ವಾರಕ್ಕೊಮ್ಮೆ... ಮುಂದಿನ ತಿಂಗಳಿನಿಂದ ಫರಂಗಿಪೇಟೆಯ ಕಡೆ ಯಾವುದೋ ಗೇರುಬೀಜದ ಕಾರ್ಖಾನೆಗೆ ವಾಚ್‌ಮನ್ ಆಗಿ ಹೋಗುತ್ತಾರಂತೆ ಎಂಬ ಸುದ್ದಿ ಬಂತು. ಹೋದರೆ ಕುಲುಮೆ ಮುಚ್ಚಿದ ಹಾಗೆಯೇ. ನಮ್ಮ ಅತ್ತೆ ಒಂದು ಸೇರು ಅಕ್ಕಿ ಕಳಿಸಿದರು. ಆಚಾರ್ರ ಹೆಂಡತಿ ಅದನ್ನು ಹಾಗೆಯೇ ವಾಪಸು ಕಳಿಸಿದರು, ಮೇಲೊಂದು ಸೌತೆಕಾಯಿ ಇಟ್ಟು.

ಆಚಾರ್ರಿಗೆ ನಾಲ್ಕು ಕಾಸು ಸಿಗಲಿ ಎಂದು ಪಕ್ಕದ ಮನೆಯವರು ಇನ್ನೊಂದು ಪೀಶಕತ್ತಿ ಕೇಳಲು ಹೋದರೆ ಬೈಸಿಕೊಂಡು ಬಂದರು.

"ನಿನಗೆ ಬಾಯಿ ಎಷ್ಟುಂಟು ಮಾರಾಯ? ಒಂದಲ್ಲವಾ? ಒಂದು ಪೀಶಕತ್ತಿ ಸಾಕು, ನಡಿ."

ಕಡೆಗೆ ಗಂಡಸರೆಲ್ಲ ನಮ್ಮ ಜಗಲಿಯಲ್ಲಿ ಕೂತು ಒಂದು ಉಪಾಯ ಮಾಡಿದರು. ಇದ್ದದ್ದನ್ನು ಅಡಗಿಸಿಟ್ಟು, ಕಳೆದುಹೋಯಿತು ಎನ್ನುವುದು. ಕಳೆದುಕೊಂಡವನಿಗೆ ಇಲ್ಲ ಎನ್ನಲು ಆಗುತ್ತದೆಯೇ?

ಆಚಾರ್ರು ಇಲ್ಲ ಎನ್ನಲಿಲ್ಲ. "ಅಯ್ಯೋ, ಎಲ್ಲಿ ಬಿತ್ತು?" ಎಂದು ಕುಲುಮೆ ಮುಚ್ಚಿ ಹುಡುಕಲು ಹೊರಟರು! ಹಾಳಾದ ರೇಡಿಯೋದ ಅಯಸ್ಕಾಂತಕ್ಕೆ ಹಗ್ಗ ಕಟ್ಟಿಕೊಂಡು, ಮೊದಲ ದಿನ ಪಕ್ಕದ ಮನೆ, ಮರುದಿನ ಅದರಾಚೆಯ ಮನೆ. ಇದ್ದಬದ್ದ ಕೆಲಸವೂ ಹೋಯಿತು. ನಮ್ಮ ಉಪಕಾರ ಹೀಗಿತ್ತು.

ಮೂರನೆಯ ದಿನ ನಮ್ಮ ಮನೆ. "ಅಕ್ಕಿಯ ಮಡಕೆಗೆ ತುರುಕಿಬಿಡು. ಕೇಳಿದರೆ ಕಾಣೆಯಾಗಿದೆ ಅಂತ ಹೇಳು" ಎಂದು ನನಗೆ ಕಲಿಸಿಕೊಟ್ಟ ನಿಮ್ಮ ಅಜ್ಜ, ಆಚಾರ್ರ ತಲೆ ಕಂಡದ್ದೇ ತಡ, ದನಕ್ಕೆ ನೀರು ಕೊಡಲು ಹಟ್ಟಿಗೆ ನಡೆದರು. ಆಗಷ್ಟೇ ಕುಡಿಸಿ ಬಂದಿದ್ದರು.

ಆಚಾರ್ರು ಮೊದಲು ಬಾವಿಗೆ ಅಯಸ್ಕಾಂತ ಇಳಿಸಿದರು. ಎತ್ತಿದಾಗ ಅದರ ತುದಿಗೆ ಅಂಟಿಕೊಂಡು ಬಂದದ್ದು ಒಂದು ಕಬ್ಬಿಣದ ದೋಸೆ ಸಟ್ಟುಗ. ಆರು ವರ್ಷಗಳಿಂದ ಆ ಸಟ್ಟುಗವನ್ನು ನಾನು ತವರಿಗೆ ಸಾಗಿಸಿದ್ದೇನೆ ಎಂದು ಅತ್ತೆ ನಂಬಿದ್ದರು. ಈಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ತೊಳೆದು ಒಳಗಿಟ್ಟರು. ಆ ದಿನ ನನಗೆ ಮಧ್ಯಾಹ್ನದ ಊಟಕ್ಕೆ ಮೀನಿನ ನಡು ತುಂಡು ಬಿತ್ತು.

"ಅಕ್ಕಾ, ಅಕ್ಕಿಯ ಮಡಕೆ ನೋಡುವ" ಎಂದರು ಆಚಾರ್ರು.

ನಾನು ಮಡಕೆಯ ಮುಚ್ಚಳದ ಮೇಲೆ ಕೈಯಿಟ್ಟೆ. "ಅಲ್ಲಿ... ಅಲ್ಲಿ ಯಾಕೆ?"

"ಎರಡು ಮನೆಯಲ್ಲಿಯೂ ಅಲ್ಲೇ ಸಿಕ್ಕಿತು. ಈ ಊರಿನ ಪೀಶಕತ್ತಿಗಳಿಗೆ ಅಕ್ಕಿಯ ಮೇಲೆ ಏನು ಆಸೆಯೋ!"

ಅಯಸ್ಕಾಂತ ಮಡಕೆಯೊಳಗೆ ಇಳಿಯಿತು. ಟಕ್ ಎಂದಿತು. ನಾನು ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತಿದ್ದೆ. ಆಚಾರ್ರು ಕಷ್ಟಪಟ್ಟು ಹುಡುಕಿಕೊಟ್ಟ ಖುಷಿಯಲ್ಲಿ ಅದನ್ನು ಪಂಚೆಗೆ ಒರೆಸುತ್ತಿದ್ದರು. ಆ ಮುಖ ನೋಡಿ ತಡೆಯಲಾಗಲಿಲ್ಲ.

"ಕಳೆದದ್ದಲ್ಲ ಆಚಾರ್ರೆ. ನಾನೇ ಅಡಗಿಸಿದ್ದು. ನೀವು ಕುಲುಮೆ ಮುಚ್ಚಬಾರದು ಅಂತ... ಎಲ್ಲರೂ."

ಅವರ ಕೈ ನಿಂತಿತು. ಹಗ್ಗ ಸುತ್ತಿಕೊಂಡರು. "ಮೂರು ದಿನ ಸುಳ್ಳು ಹುಡುಕಿದೆನಾ ನಾನು?" ಎಂದರು. ಸಿಟ್ಟು ಮಾಡಿದ್ದರೆ ವಾಸಿಯಿತ್ತು. ಪೀಶಕತ್ತಿಯನ್ನು ಜಗಲಿಯ ಮೇಲಿಟ್ಟರು. "ಇದು ಉಂಟಲ್ಲ. ಇನ್ನೊಂದು ಕೊಡಲಿಕ್ಕೆ ನನ್ನಿಂದ ಆಗುವುದಿಲ್ಲ ಅಕ್ಕಾ. ಒಬ್ಬರಿಗೆ ಒಂದು."

ಅವರು ಅಂಗಳಕ್ಕೆ ಇಳಿದಾಗಿತ್ತು. ಹೊರಗಿನ ಗಂಡಸರ ಹತ್ತಿರ ಅಷ್ಟು ದೊಡ್ಡ ಸ್ವರದಲ್ಲಿ ನಾನು ಹಿಂದೆಂದೂ ಮಾತಾಡಿದವಳಲ್ಲ.

"ಅದು ನಮ್ಮ ಇವರದ್ದು! ನನಗೆ ಇಲ್ಲ!"

ಆಚಾರ್ರು ತಿರುಗಿದರು. "ಹೆಂಗಸರಿಗೆ ಪೀಶಕತ್ತಿ ಯಾಕೆ?"

"ನಾನೂ ಎಲೆ ಹಾಕುತ್ತೇನೆ. ಒಂದು ಅಡಿಕೆ ಕೆರೆಯಬೇಕಾದರೆ ಇವರು ಹಟ್ಟಿಯಿಂದ ಬರುವವರೆಗೆ ಕಾಯಬೇಕು."

ಒಳಗಿನಿಂದ ಅತ್ತೆಯ ಸ್ವರ ಬಂತು. "ನನಗೂ ಇಲ್ಲ!"

ಆಚಾರ್ರ ಹೊಟ್ಟೆ ಮೆಲ್ಲಗೆ ಕುಲುಕತೊಡಗಿತು. ಆಮೇಲೆ ಅಂಗಳದ ಕಟ್ಟೆಯಲ್ಲಿ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕೈ ತೋರಿಸಿ ಅಕ್ಕಾ" ಎಂದು ದೂರದಿಂದಲೇ ನನ್ನ ಅಂಗೈಯ ಅಳತೆ ನೋಡಿಕೊಂಡರು.

ಅದಾದ ನಾಲ್ಕನೆಯ ದಿನ ನನ್ನ ಪೀಶಕತ್ತಿ ತಂದುಕೊಟ್ಟರು. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎನ್ನುತ್ತಾರೆ. ಹಾಗಾಗಿ ನೆಲದ ಮೇಲಿಟ್ಟರು, ನಾನು ಎತ್ತಿಕೊಂಡೆ. ಗಂಡಸರದ್ದಕ್ಕಿಂತ ಸಣ್ಣದು, ಹಿಡಿ ದುಂಡಗೆ. ಆ ವಾರ ಮನೆಯಲ್ಲಿ ಕಟ್ಟಿದ ಬೀಡಿಯನ್ನು ಡಿಪೋಗೆ ಕೊಡಲು ಹೋದಾಗ ಅದನ್ನು ತೆಗೆದು ಅಡಿಕೆ ಕೆರೆದೆ, ಅಷ್ಟೇ. ನಾನೇನೂ ಹೇಳಲಿಲ್ಲ. ಬೀಡಿ ಕಟ್ಟುವ ಹೆಂಗಸರ ನಡುವೆ ಹೇಳಬೇಕಾಗುವುದೂ ಇಲ್ಲ. ತಿಂಗಳು ಕಳೆಯುವುದರೊಳಗೆ ಕೊಕ್ಕಡದಲ್ಲಿದ್ದ ಯಾರದೋ ನಾದಿನಿಗೂ ಒಂದು ಬೇಕಾಯಿತು. ಯಾರಿಗೂ ಮೊದಲು ಇರಲಿಲ್ಲವಲ್ಲ, ಆಚಾರ್ರಿಗೆ ಇಲ್ಲ ಎನ್ನಲು ದಾರಿಯೇ ಇರಲಿಲ್ಲ. ಫರಂಗಿಪೇಟೆಯ ಕಾರ್ಖಾನೆ ಬೇರೆ ವಾಚ್‌ಮನ್‌ನನ್ನು ಹುಡುಕಿಕೊಂಡಿತು.

ಕುಲುಮೆ ಮತ್ತೆ ಹನ್ನೊಂದು ವರ್ಷ ಉರಿಯಿತು. ನಿಮ್ಮ ಅಜ್ಜ ಹೋದಾಗ ಆಚಾರ್ರು ಬಂದು ಜಗಲಿಯಲ್ಲಿ ಸುಮ್ಮನೆ ಕೂತು ಹೋಗಿದ್ದರು. ಆಮೇಲೆ ಅವರೇ ಹಾಸಿಗೆ ಹಿಡಿದರು. ನೋಡಲು ಹೋದೆ. ಎದ್ದು ಕೂರುವ ಶಕ್ತಿ ಇರಲಿಲ್ಲ.

"ಪೀಶಕತ್ತಿ ಹರಿತ ಉಂಟಾ ಅಕ್ಕಾ?" ಎಂದು ಕೇಳಿದರು.

ಮೊಂಡಾಗಿತ್ತು. ಹಾಗೆ ಹೇಳಿದರೆ, ಸಾಣೆ ಹಿಡಿದುಕೊಡುತ್ತೇನೆಂದು ಅವರು ಏಳಲು ನೋಡುತ್ತಾರೆ. "ಉಂಟು ಆಚಾರ್ರೆ, ಕೂದಲು ಸೀಳುತ್ತದೆ" ಎಂದೆ. ಅವರು ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು. ಈ ಸಲ ನನ್ನ ಸುಳ್ಳು ಸಿಕ್ಕಿಬೀಳಲಿಲ್ಲ.

ಕುಲುಮೆಯ ಜಾಗದಲ್ಲಿ ಈಗ ಯಾರೋ ಬೈಕು ನಿಲ್ಲಿಸುತ್ತಾರೆ. ವಿಟ್ಲದಲ್ಲಿ ಸಾಣೆ ಹಿಡಿಯುವವರು ಇದ್ದಾರಂತೆ, ಮಿಷನ್ನಿನಲ್ಲಿ ಎರಡೇ ನಿಮಿಷವಂತೆ. ಪ್ರತಿ ಸಲ ಪೇಟೆಗೆ ಹೋಗುವಾಗ ಪೀಶಕತ್ತಿಯನ್ನು ಚೀಲದಲ್ಲಿ ತೆಗೆದುಕೊಂಡು ಹೋಗುತ್ತೇನೆ. ಅಂಗಡಿಯ ಎದುರಿನವರೆಗೂ ಹೋಗಿದ್ದೇನೆ. ಇನ್ನೂ ಕೊಟ್ಟಿಲ್ಲ...