ನಂದಿ ಬರೆದ ಹುಡುಗಿ

ಕೇರಳದ ಉಳ್ಳೂರಿನ ಹಾಸ್ಟೆಲಿನಲ್ಲಿ ನಾನು ವಾಚ್‌ಮನ್ ಆಗಿದ್ದೆ. ಅಲ್ಲಿದ್ದ ಕಾಸರಗೋಡಿನ ನರ್ಸ್ ಹುಡುಗಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿಯುತ್ತಿದ್ದಳು. ಏನೇ ಕೆಟ್ಟರೂ "ಆಯ್ತಲ್ಲ, ಮುಂದೆ ನೋಡುವ" ಎನ್ನುತ್ತಿದ್ದಳು. ಕೊಚ್ಚಿಯ ಆಸ್ಪತ್ರೆಯೊಂದರ ಸಂದರ್ಶನದಲ್ಲಿ ಆಯ್ಕೆಯಾಗದಿದ್ದಾಗಲೂ ಹಾಗೇ ಅಂದು, ಅವರಿಗೊಂದು ಕಾಗದ ಬರೆದು ಪೋಸ್ಟಿಗೆ ಹಾಕಲು ನನ್ನ ಕೈಗಿತ್ತಳು.

"ಏನಿದು?"

"ನಂದಿ, ಅಜ್ಜ."

ಮಲಯಾಳದಲ್ಲಿ ನಂದಿ ಎಂದರೆ ಕೃತಜ್ಞತೆ. "ಕೆಲಸ ಕೊಡದವರಿಗೆ ಬಸವನನ್ನು ಬೇರೆ ಕಳಿಸ್ತೀಯಾ?" ಎಂದು ನಕ್ಕೆ.

ತಪ್ಪು ಒಪ್ಪಿಕೊಳ್ಳುತ್ತೇನೆ. ಅದು ಕೆಲಸಕ್ಕಾಗಿ ಅಂಗಲಾಚುವ ಕಾಗದದಂತೆ ಕಂಡು ನಾನು ಹಾಕಲೇ ಇಲ್ಲ. ವಾರದ ಮೇಲೆ ಮನಸ್ಸು ತಡೆಯದೆ ನಿಜ ಹೇಳಿ ಹಿಂದಿರುಗಿಸಿದೆ. ಅವಳು ಬೈಯಲಿಲ್ಲ, ಮರುದಿನವೇ ಕಾಗದ ಹಿಡಿದು ಕೊಚ್ಚಿಯ ಬಸ್ಸು ಹತ್ತಿದಳು. ಮಧ್ಯಾಹ್ನ ಫೋನು ಬಂತು:

"ಅಜ್ಜಾ, ಆ ಕೆಲಸಕ್ಕೆ ಸೇರಿದವಳು ಬಿಟ್ಟು ಹೋದಳಂತೆ, ಸೋಮವಾರದಿಂದ ನಾನೇ! ಪೋಸ್ಟ್ ಬೇಡ, ಕೈಯಲ್ಲೇ ಕೊಡು ಅಂದದ್ದು ನಮ್ಮ ಅಜ್ಜ ಅಂತ ಎಲ್ಲರ ಹತ್ತಿರ ಹೇಳಿದ್ದೇನೆ ಮಾರಾಯ್ರೇ!"