ಹೀರಾ ಬೈದ ನೀರು

ತನ್ನೂರು ಚೆಂಡಿಯಾದ ಜಾಗ ನೌಕಾನೆಲೆಗೆ ಹೋಗಿ, ಪುನರ್ವಸತಿ ಕಾಲನಿಗೆ ಬಂದ ದಿನದಿಂದ ಹೀರಾ ಅಲ್ಲಿಯ ನಲ್ಲಿ ನೀರಿಗೆ ಶಾಪ ಹಾಕುತ್ತಲೇ ಇದ್ದಳು. ಎಷ್ಟು ತಿಕ್ಕಿದರೂ ಸೋಪಿಗೆ ನೊರೆ ಬರುತ್ತಿರಲಿಲ್ಲ, ಕುಕ್ಕರಿನಲ್ಲಿಟ್ಟ ವಟಾಣಿ ಬೇಯುತ್ತಿರಲಿಲ್ಲ. ಹಂಡೆಯ ತಳಕ್ಕೆ ಸುಣ್ಣದಂಥ ಬಿಳಿ ಪದರ ಕಟ್ಟುತ್ತಿತ್ತು. ಹುಣಸೆಹಣ್ಣು ಹಚ್ಚಿ ಅದನ್ನು ಕೆರೆದೂ ಕೆರೆದೂ ಉಗುರು ಸವೆದವು. “ಇದು ನೀರಲ್ಲ, ಕಲ್ಲು” ಎಂದು ದಿನಕ್ಕೆ ಹತ್ತು ಸಲ ಗೊಣಗದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. ಹೀಗೇ ಇಪ್ಪತ್ತು ವರ್ಷ ಕಳೆಯಿತು.

ಮೊನ್ನೆ ಭಾವಿಕೇರಿಗೆ, ಮಗಳು ಸಪ್ನಾಳ ಮನೆಗೆ ಹೋದಳು. ಅಲ್ಲಿ ಬಾವಿ ನೀರು. ಚೂರು ಸೋಪು ಹಚ್ಚಿದ್ದಕ್ಕೇ ಮೈತುಂಬ ನೊರೆ ಎದ್ದಿತು. ತಂಬಿಗೆ ಮೇಲೆ ತಂಬಿಗೆ ಸುರಿದುಕೊಂಡರೂ ಮೈಯ ಜಾರು ಹೋಗಲೊಲ್ಲದು. ಹಂಡೆಯ ತಳ ಕಂಡಿತು.

“ಎಂಥಾ ನೀರೇ ಇದು, ಸಪ್ನಾ? ಸೋಪೇ ಹೋಗೂದಿಲ್ಲ. ನಮ್ಮ ನೀರಾದ್ರೆ ಎರಡು ತಂಬಿಗೆ ಸಾಕು,” ಎಂದು ಬಚ್ಚಲಿನಿಂದಲೇ ರೇಗಿದಳು.

“ಆಯೀ, ಚೆಂಡಿಯಾದ ಬಾವಿ ನೀರೂ ಹೀಂಗೇ ಜಾರ್ತಿತ್ತಲ್ಲ,” ಎಂದಳು ಸಪ್ನಾ ಹೊರಗಿಂದ.

ಹೀರಾ ಖಾಲಿ ತಂಬಿಗೆ ಹಿಡಿದು ನಿಂತುಬಿಟ್ಟಳು. ಇಪ್ಪತ್ತು ವರ್ಷ ಬೈದ ನೀರನ್ನು ತಾನು ‘ನಮ್ಮ ನೀರು’ ಅಂದದ್ದು ಈಗ ಅವಳ ಕಿವಿಗೇ ಬಿತ್ತು.