ಆನೆ ಸೀಲಿನ ಕೂಗಿಗೆ ಓಗೊಟ್ಟದ್ದು

ಅಮೀನಗಡದಿಂದ ಮುಂಬಯಿಗೆ ಬಸ್ಸು, ಅಲ್ಲಿಂದ ದೋಹಾಕ್ಕೆ ವಿಮಾನ. ಬಸ್ಸು ಒಂದು ಹಗಲು ಒಂದು ರಾತ್ರಿ ನನ್ನ ಸೊಂಟ ಮುರಿಯಿತು. ವಿಮಾನ ಮಾತ್ರ ಊಟ ಕೊಟ್ಟು, ತಟ್ಟೆ ಎತ್ತಿ, ಸ್ವಲ್ಪ ಹೊತ್ತಿಗೇ ಇಳಿಸಿಬಿಟ್ಟಿತು. ಸಮುದ್ರ ದಾಟಿದ್ದು ಹೇಗೆಂದು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ತಿಳಿಯಲೇ ಇಲ್ಲ. ನನ್ನ ಧ್ಯಾನವೆಲ್ಲ ಏಳು ವರ್ಷದ ಮೊಮ್ಮಗಳು ಪಲ್ಲವಿಯ ಮೇಲೆ. ಕೂಸಿದ್ದಾಗ ಒಮ್ಮೆ ಊರಿಗೆ ಕರೆತಂದಿದ್ದರು. ಆಮೇಲೆ ನಾನು ಅವಳನ್ನು ನೋಡಿದ್ದು ಫೋಟೋದಲ್ಲಷ್ಟೇ.

ದೋಹಾ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ನನ್ನ ಡಬ್ಬಿ ತೆರೆಸಿದ. ಕರದಂಟು ಮೂಸಿದ, ಶೇಂಗಾ ಚಟ್ನಿ ಮೂಸಿದ, ಜೋರಾಗಿ ಸೀನಿದ. "ಯಲ್ಲಾ, ಯಲ್ಲಾ!" ಎಂದು ಕೈಬೀಸಿದ. ನಡೆ ಅಂದ ಹಾಗಂತೆ.

ಮಗ ಬಸವರಾಜ ಗ್ಯಾಸ್ ಕಂಪನಿಯಲ್ಲಿ ಪೈಪು ಜೋಡಿಸುವ ಕೆಲಸದವನು. ದೋಹಾದ ನಜ್ಮಾ ಎಂಬ ಬಡಾವಣೆಯಲ್ಲಿ ಒಂದು ಟೇಲರ್ ಅಂಗಡಿಯ ಮೇಲೆ ಅವನ ಎರಡು ಕೋಣೆಯ ಮನೆ. ಬಾಗಿಲಲ್ಲೇ ನಾನು ಎರಡೂ ಕೈ ಚಾಚಿದೆ.

"ಬಾರವ್ವಾ ನನ್ನ ಬಂಗಾರ, ಆಯಿ ತೊಡಿ ಮ್ಯಾಲ ಕುಂಡ್ರ ಬಾ."

ಪಲ್ಲವಿ ಅವ್ವನ ಹಿಂದೆ ಸರಿದಳು. "ಪಪ್ಪಾ, ಆಯಿದು ವೀಸಾ ಎಷ್ಟು?"

"ಒಂದ್ ತಿಂಗಳ."

"ಹಂಗಾರ ಎಲಿಫಂಟ್ ಸೀಲ್!" ಎಂದು ಒಳಗೆ ಹೋಗಿಬಿಟ್ಟಳು.

ಸೊಸೆ ಶೈಲಾ ಚಹಾ ತಂದಿಟ್ಟು ಮೆಲ್ಲಗೆ ಹೇಳಿದಳು: "ತಪ್ಪು ತಿಳೀಬ್ಯಾಡ್ರಿ ಅತ್ತಿ. ಸಾಲ್ಯಾಗಿಂದ ಒಂದು ಚಿತ್ರದ ಪುಸ್ತಕ ತಂದಾಳ. ಅದರಾಗ ಆನೆ ಸೀಲು ಅಂತ ಸಮುದ್ರದ ಪ್ರಾಣಿ ಐತಿ. ಅವ್ವ ಮರೀಗೆ ಒಂದ್ ತಿಂಗಳ ಹಾಲು ಕುಡಿಸಿ, ದಂಡಿ ಮ್ಯಾಲ ಬಿಟ್ಟು ಹೋಗಿಬಿಡತೈತಂತ. ಹೋದ ವರ್ಷ ನಮ್ಮವ್ವ ಬಂದು ಹೋದಾಗ ಇಕಿ ವಾರಗಟ್ಟಲೆ ನೆಟ್ಟಗ ಉಣ್ಣಲಿಲ್ರಿ. ಈ ಸಲ ಯಾರನ್ನೂ ಹಚ್ಚಿಕೊಳ್ಳಂಗಿಲ್ಲ ಅಂತ ಕುಂತಾಳ."

ಹುಡುಗಿಗೆ ನಾನು ಬೇಡವಾಗಿರಲಿಲ್ಲ, ನಾನು ಹೋಗುವುದು ಬೇಡವಾಗಿತ್ತು. ಅದು ತಿಳಿದ ಮೇಲೆ ನನ್ನ ಖುಷಿಗೂ ಭಯಕ್ಕೂ ಅಳತೆಯೇ ಉಳಿಯಲಿಲ್ಲ.

ಮೊದಲ ವಾರ ಕರದಂಟು ಕೊಟ್ಟರೆ ಈಸಿಕೊಂಡು ಮೂಲೆಗೆ ಹೋಗಿ ತಿನ್ನುತ್ತಿದ್ದಳು. ಸಂಜೆ ನಜ್ಮಾದ ಓಣಿಯಲ್ಲಿ ತಿರುಗಾಡುವಾಗ ನನ್ನ ಕೈ ಹಿಡಿಯುತ್ತಿರಲಿಲ್ಲ. ಓಣಿಯ ಮಲಯಾಳಿ ಹೋಟೆಲಿನವನೇ ನನಗೆ ಬೇಗ ಹೊಂದಿಕೊಂಡ. ಹಾಲಿಲ್ಲದ ಚಹಾಕ್ಕೆ ನಿಂಬೆ ಹಿಂಡಿ ಕೊಡುತ್ತಿದ್ದ.

ಶುಕ್ರವಾರ ರಜೆ. ಬಸವರಾಜ ಗೆಳೆಯನ ಕಾರು ಕೇಳಿ ತಂದು ನಮ್ಮನ್ನು ಅಲ್ ವಕ್ರಾದ ಸಮುದ್ರಕ್ಕೆ ಕರೆದುಕೊಂಡು ಹೋದ. ಡಿಸೆಂಬರಿನ ತಣ್ಣನೆ ಗಾಳಿ. ನನ್ನ ಜನ್ಮದಲ್ಲಿ ನೋಡಿದ ಮೊದಲ ಸಮುದ್ರ! ಮಲಪ್ರಭೆಗೆ ಆಚೆ ದಂಡೆಯಾದರೂ ಕಾಣುತ್ತದೆ. ಇದಕ್ಕೆ ಅದೂ ಇಲ್ಲ. ಇಳಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿ ನೀರಿಗಿಳಿದೆ. ತಿರುಗಿ ನೋಡಿದರೆ, ದಂಡೆಯ ಮೇಲೆ ಗುಂಡಗೆ, ಕಪ್ಪಗೆ, ಒದ್ದೆಯಾಗಿ ಮಿಂಚುತ್ತ ಒಂದು ದೊಡ್ಡ ಜೀವ ಮಲಗಿದೆ.

"ಪಲ್ಲವೀ, ಓಡಿ ಬಾ! ನಿನ್ನ ಆನೆ ಸೀಲು ಬಂದೈತಿ!"

ಕೂಗಿಗೆ ಅದು ಅಲುಗಾಡಿತು. ನಾನು ಕಿಟಾರನೆ ಕಿರುಚಿದೆ. ಕಪ್ಪು ತಾಡಪತ್ರಿ ಸರಿಸಿಕೊಂಡು, ಬಲೆಯ ರಾಶಿಯ ಮೇಲೆ ಮಲಗಿದ್ದ ಮೀನುಗಾರನೊಬ್ಬ ಎದ್ದು ಕುಳಿತ. ಬಸವರಾಜ ಸಮಾಧಾನ ಹೇಳಿದ ಮೇಲೆ ಅವನು ನಕ್ಕು, "ಮಾಫಿ ಸೀಲ್!" ಎಂದ. ಇಲ್ಲಿ ಸೀಲು ಇಲ್ಲ ಅಂತ.

ಪಲ್ಲವಿ ಮರಳಲ್ಲಿ ಉರುಳಾಡಿ ನಕ್ಕಳು. "ಆಯಿ, ಅದು ಕೋಲ್ಡ್ ಕಂಟ್ರಿದು! ಇಲ್ಲಿ ಬಂದ್ರ ರೋಸ್ಟ್ ಆಗತೈತಿ!"

ನಕ್ಕ ಬಾಯಿ ಮಾತಿಗೂ ತೆರೆಯಿತು. ಗಂಡಿಗೆ ಸಣ್ಣ ಸೊಂಡಿಲಿನಂಥ ಮೂಗು ಜೋತುಬಿದ್ದಿರುತ್ತದಂತೆ. ಅದನ್ನು ಉಬ್ಬಿಸಿ ಗುಡುಗುತ್ತದಂತೆ. ಒಮ್ಮೆ ಉಸಿರು ಹಿಡಿದು ಮುಳುಗಿದರೆ ಗಂಟೆಗಿಂತ ಹೆಚ್ಚು ನೀರೊಳಗೇ ಇರಬಲ್ಲದಂತೆ. ವರ್ಷಕ್ಕೊಮ್ಮೆ ಹಳೆಯ ಚರ್ಮ ಕೂದಲಿನ ಸಮೇತ ಸುಲಿದು ಬೀಳುತ್ತದಂತೆ. ಹಾಲೂಡುವ ತಿಂಗಳು ಪೂರ್ತಿ ತಾಯಿ ಒಂದು ಮೀನನ್ನೂ ತಿನ್ನುವುದಿಲ್ಲವಂತೆ.

"ಉಪವಾಸ ಇದ್ದು ಹಾಲು ಕುಡಸ್ತಾಳ?" ಐದು ಹೆತ್ತ ನನಗೆ ತಡೆಯಲಾಗಲಿಲ್ಲ. "ಹಂಗಾರ ಆಕಿ ಮರೀನ ಬಿಟ್ಟು ಹೋಗೂದಲ್ಲವ್ವಾ, ಉಣ್ಣಾಕ ಹೋಗೂದು! ತಿರುಗಿ ಬರಂಗಿಲ್ಲೇನು?"

"ಬರ್ತಾಳ. ನೆಕ್ಸ್ಟ್ ಇಯರ್, ಸೇಮ್ ಬೀಚ್." ಅವಳ ಮುಖ ಸಣ್ಣದಾಯಿತು. "ಆದ್ರ ಹೊಸಾ ಮರೀಗೆ. ಹಳೇ ಮರಿ ಬಿಗ್ ಆಗಿರ್ತೈತಿ. ಗುರ್ತ ಹಿಡಿಯಂಗಿಲ್ಲ."

"ಸಣ್ಣದಿದ್ದಾಗ ಹೆಂಗ ಗುರುತ ಹಿಡೀತಾಳ, ಅಷ್ಟ ಮರಿಯೊಳಗ?"

"ಸೌಂಡ್! ಹುಟ್ಟಿದ ಕೂಡ್ಲೇ ಅವ್ವ ಒದರತಾಳ, ಮರಿ ಒದರತೈತಿ."

"ಹಂಗಾರ ನೀನೂ ಒದರು. ನನ್ನ ಕಿವ್ಯಾಗ ಇಟಗೊಂಡು ಹೋಗ್ತೀನಿ. ನೀ ಎಷ್ಟ ದೊಡ್ಡಾಕಿ ಆದ್ರೂ ಗುರುತ ಹಿಡೀತೀನಿ."

ಅವಳು ಕತ್ತು ಮೇಲೆತ್ತಿ, "ಆಂಽಽಕ್!" ಎಂದು ಒದರಿದಳು. ನಾನು ಸೊಂಟದ ಮೇಲೆ ಕೈಯಿಟ್ಟು, "ಓಂಽಽಕ್!" ಎಂದೆ. "ಯವ್ವಾ, ಮಂದಿ ನೋಡಾಕತ್ತಾರ!" ಎಂದು ಬಸವರಾಜ ಮುಖ ಮುಚ್ಚಿಕೊಂಡ. ನೋಡಲಿ! ಬುತ್ತಿ ಬಿಚ್ಚುವ ಹೊತ್ತಿಗೆ ಪಲ್ಲವಿ ನನ್ನ ತೊಡೆಯ ಮೇಲೆ ಕುಳಿತಿದ್ದಳು. ನನ್ನ ಕೈಯಿಂದಲೇ ರೊಟ್ಟಿ ತಿಂದಳು, ಮತ್ತೊಂದು ಕೇಳಿದಳು.

ಉಳಿದ ದಿನಗಳು ಹೇಗೆ ಕಳೆದವೋ ಕಾಣೆ. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಅವಳು ಮತ್ತೆ ಅವ್ವನ ಹಿಂದೆ ಸರಿದು ನಿಂತಳು. ನಾನು ಗಾಜಿನ ಬಾಗಿಲ ಬಳಿ ನಿಂತು, ನಾಚಿಕೆ ಬಿಟ್ಟು, "ಓಂಽಽಕ್!" ಎಂದು ಒದರಿದೆ. ಪಾಸ್‌ಪೋರ್ಟ್ ನೋಡುತ್ತಿದ್ದ ಪೊಲೀಸಿನವನು ಬೆಚ್ಚಿಬಿದ್ದ. ಪಲ್ಲವಿ ತುಟಿ ಬಿಗಿದು ನೆಲ ನೋಡುತ್ತಿದ್ದಳು. ಹೋಗುವಾಗ ಹಗುರವಾಗಿದ್ದ ವಿಮಾನ ಬರುವಾಗ ಭಾರವಾಯಿತು. ಮತ್ತೆ ಊಟ ಬಿಟ್ಟಳೇನೋ ಎಂಬ ಚಿಂತೆ ಅಮೀನಗಡದವರೆಗೂ ನನ್ನ ಪಕ್ಕದಲ್ಲೇ ಕುಳಿತು ಬಂತು.

ಊರು ಸೇರಿದ ನಾಲ್ಕನೇ ದಿನ ಕಿರಾಣಿ ಅಂಗಡಿಯ ಹುಚ್ಚಪ್ಪ ಕೂಗಿದ: "ಯಕ್ಕಾ, ಫೋನ್! ಯಾರೋ ಏನೋ, ಮಾತಿಲ್ಲ ಕತಿಯಿಲ್ಲ, ಎಮ್ಮಿಗತೆ ಒದರಾಕತ್ತಾರ!"

ನಾನು ಚಪ್ಪಲಿ ಮರೆತು ಓಡಿದೆ. ಅಂಗಡಿಯ ತುಂಬ ಜನ. ಫೋನು ಕಿವಿಗಿಟ್ಟರೆ, "ಆಂಽಽಕ್!"

ಸೆರಗು ಸರಿಪಡಿಸಿಕೊಂಡು, ಉಸಿರು ತುಂಬಿಕೊಂಡು, ನಾನು ಓಗೊಟ್ಟೆ.

ಅತ್ತ ಕಡೆಯಿಂದ ಪುಟ್ಟ ದನಿ ಹೇಳಿತು: "ಮಮ್ಮೀ, ರೊಟ್ಟಿ ಹಾಕು. ಇದು ನಮ್ಮ ಆಯೀನ."